ನೀಲ್ ಯಂಗ್ ಅವರ ‘ಡೆಡ್ ಮ್ಯಾನ್’ ಸಿನಿಮಾ ಸಂಗೀತ: ಕೊಡಗಿನ ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ ಗಾಯಕ, ಗಿಟಾರ್ ವಾದಕ ನೀಲ್ ಯಂಗ್ ‘ಡೆಡ್ ಮ್ಯಾನ್’ ಸಿನಿಮಾಕ್ಕೆ ಮಾಡಿದ, 1996ರಲ್ಲಿ ಬಂದ ಈ ಆಲ್ಬಮ್ ಬಗ್ಗೆ ಇವತ್ತಿಗೂ ಎರಡು ಪಕ್ಷ. ಒಬ್ಬರಿಗೆ ಇದು ನೀಲ್ ಯಂಗ್ ನುಡಿಸಿದ ಅತ್ಯುತ್ತಮ ಗಿಟಾರ್, ಇನ್ನೊಬ್ಬರಿಗೆ ತಲೆನೋವು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಡೆ ಮಾತಿಗೆ ಕೂತಾಗ, ಪತ್ರ ಬಂದಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಕೊಟ್ಟಿದ್ದೇವೆ. ಸುಲಭದವು ಮೊದಲು, ಗಿಟಾರ್ ನುಡಿಸುವವರಿಗೆ ಬೇಕಾದವು ಕೊನೆಗೆ.

## ಮೊದಲ ಸಲ ಕೇಳುವವರಿಗೆ

ಇದು ಹಾಡಿನ ಆಲ್ಬಮ್ಮಾ, ಬರೀ ಹಿನ್ನೆಲೆ ಸಂಗೀತಾನಾ?

ಹಿನ್ನೆಲೆ ಸಂಗೀತ. ಹಾಡು ಒಂದೂ ಇಲ್ಲ, ನೀಲ್ ಯಂಗ್ ಬಾಯೇ ತೆರೆಯುವುದಿಲ್ಲ. ಒಟ್ಟು 13 ತುಣುಕು, ಸುಮಾರು 62 ನಿಮಿಷ. ಆರು ಗಿಟಾರ್ ಸೋಲೊ, ಒಂದು ಪುಟ್ಟ ಆರ್ಗನ್ ಸೋಲೊ, ಉಳಿದ ಆರರಲ್ಲಿ ಮಾತು. ಮಾತು ಅಂದರೆ ಸಿನಿಮಾದ ಸಂಭಾಷಣೆ, ಜೊತೆಗೆ ನಾಯಕ ನಟ ಜಾನಿ ಡೆಪ್ ಓದಿದ ವಿಲಿಯಂ ಬ್ಲೇಕ್ ಕವಿಯ ಸಾಲುಗಳು. ಅವರ ಜನಪ್ರಿಯ ಹಾಡು ‘ಹಾರ್ಟ್ ಆಫ್ ಗೋಲ್ಡ್’ ತರಹದ್ದು ಸಿಗುತ್ತದೆ ಎಂದುಕೊಂಡು ಕೊಂಡವರೇ ಮೊದಲು ಮುನಿಸಿಕೊಳ್ಳುವುದು.

ಸಿನಿಮಾ ಯಾವುದು? ಕತೆ ಗೊತ್ತಿಲ್ಲದೆ ಕೇಳಿದ್ರೆ ಅರ್ಥ ಆಗುತ್ತಾ?

ಜಿಮ್ ಜಾರ್ಮುಶ್ ನಿರ್ದೇಶಿಸಿದ ಕಪ್ಪು ಬಿಳುಪು ಸಿನಿಮಾ. 1995ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, ಅಮೆರಿಕದಲ್ಲಿ ಮರುವರ್ಷ ಬಿಡುಗಡೆ. ಕ್ಲೀವ್‌ಲ್ಯಾಂಡಿನ ಒಬ್ಬ ಲೆಕ್ಕಿಗ ಕೆಲಸ ಹುಡುಕಿಕೊಂಡು ಪಶ್ಚಿಮದ ‘ಮೆಷಿನ್’ ಎಂಬ ಊರಿಗೆ ರೈಲಿನಲ್ಲಿ ಹೋಗುತ್ತಾನೆ. ಅಲ್ಲಿ ಎದೆಗೆ ಗುಂಡು ಬೀಳುತ್ತದೆ. ಸಾವಿನ ಕಡೆಗೆ ನಿಧಾನವಾಗಿ ಸಾಗುವ ಅವನಿಗೆ ‘ನೋಬಡಿ’ ಎಂಬ ಮೂಲನಿವಾಸಿ ಜೊತೆಯಾಗುತ್ತಾನೆ. ಲೆಕ್ಕಿಗನ ಹೆಸರು ವಿಲಿಯಂ ಬ್ಲೇಕ್. ನೋಬಡಿ ಅವನನ್ನು ಸತ್ತುಹೋದ ಕವಿ ಬ್ಲೇಕ್ ಎಂದೇ ನಂಬುತ್ತಾನೆ. ಆಲ್ಬಮ್ಮಿನಲ್ಲಿ ಆ ಕವಿಯ ಸಾಲು ಏಕೆ ಬರುತ್ತದೆ ಎನ್ನುವುದಕ್ಕೆ ಇಷ್ಟು ತಿಳಿದರೆ ಸಾಕು. ರಾಕ್ ಪ್ರಿಯರಿಗೆ ಇನ್ನೊಂದು ಸಂಗತಿ: ಒಂದು ಸಣ್ಣ ಪಾತ್ರದಲ್ಲಿ ಹೆಂಗಸಿನ ಉಡುಪು ತೊಟ್ಟು ರಾಕ್ ಗಾಯಕ ಇಗ್ಗಿ ಪಾಪ್ ಬರುತ್ತಾರೆ.

ಮೊದ್ಲು ಸಿನಿಮಾ ನೋಡ್ಬೇಕಾ, ಆಲ್ಬಮ್ ಕೇಳ್ಬೇಕಾ?

ಸಿನಿಮಾ. ಎರಡು ಗಂಟೆಯ ಚಿತ್ರ, ಕೊನೆಯ ಅರ್ಧ ಗಂಟೆಯಲ್ಲಿ ಸಂಗೀತದ್ದೇ ಕಾರುಬಾರು. ಸಿನಿಮಾದಲ್ಲಿ ಮೂಲನಿವಾಸಿಗಳ ಮಾತಿಗೆ ನಿರ್ದೇಶಕರು ಬೇಕೆಂದೇ ಉಪಶೀರ್ಷಿಕೆ ಕೊಟ್ಟಿಲ್ಲ. ಹಾಗಾಗಿ ಅಡಿಬರಹ ಕಾಣದಿದ್ದರೆ ಪ್ರತಿ ಕೆಟ್ಟಿದೆ ಎಂದುಕೊಳ್ಳಬೇಡಿ.

ಇದೆಲ್ಲ ಸುಮ್ನೆ ಬಾಯಿಗೆ ಬಂದ ಹಾಗೆ ನುಡಿಸಿದ್ದು ಅಂತಾರೆ, ನಿಜವಾ?

ಮೊದಲೇ ಬರೆದಿಟ್ಟುಕೊಂಡ ಸ್ವರ ಇರಲಿಲ್ಲ ಎನ್ನುವುದು ನಿಜ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಜಾಗದಲ್ಲಿ ಸುತ್ತಲೂ ಪರದೆಗಳನ್ನಿಟ್ಟು, ಸಿನಿಮಾದ ಕರಡು ಪ್ರತಿಯನ್ನು ಓಡಿಸಿ, ಅದನ್ನು ನೋಡುತ್ತಾ ನೀಲ್ ಯಂಗ್ ಒಬ್ಬರೇ ನುಡಿಸಿದರು. ಹೆಚ್ಚಿನದು ಎಲೆಕ್ಟ್ರಿಕ್ ಗಿಟಾರ್. ಅಲ್ಲಲ್ಲಿ ಅಕೂಸ್ಟಿಕ್ ಗಿಟಾರ್, ತಿದಿ ಒತ್ತಿ ನುಡಿಸುವ ಪಂಪ್ ಆರ್ಗನ್, ಶ್ರುತಿ ಕೆಡಿಸಿದ ಪಿಯಾನೊ. ಸಿನಿಮಾವೇ ತನ್ನ ತಾಳವಾದ್ಯ, ತಾನು ಅದರ ಮೇಲೆ ರಾಗ ಸೇರಿಸುವವನು ಎನ್ನುವುದು ಅವರ ನಿಲುವಾಗಿತ್ತು. ಆದರೆ ಬಾಯಿಗೆ ಬಂದ ಹಾಗೆ ಎನ್ನುವುದು ತಪ್ಪು. ಎರಡು ಮೂರು ಸಣ್ಣ ಸ್ವರಗುಚ್ಛ ಆಲ್ಬಮ್ ಪೂರ್ತಿ ತಿರುಗಿ ತಿರುಗಿ ಬರುತ್ತವೆ. ಒಂದನೇ ಸೋಲೊದಲ್ಲಿ ಕೇಳಿದ್ದು ಐದನೆಯದರಲ್ಲಿ ಇನ್ನೂ ನಿಧಾನವಾಗಿ, ಇನ್ನೂ ಭಾರವಾಗಿ ಬರುವುದನ್ನು ಗಮನಿಸಿ.

## ಜಗಳದ ವಿಷಯಗಳು

ಇಷ್ಟು ಒಳ್ಳೆ ಗಿಟಾರಿನ ಮಧ್ಯೆ ಆ ಮಾತು ಯಾಕೆ ತುರುಕಿದ್ರು? ನನಗಂತೂ ರೇಗುತ್ತೆ.

ಆಲ್ಬಮ್ ಮೇಲಿನ ದೂರುಗಳಲ್ಲಿ ಮೊದಲನೆಯದೇ ಇದು, ಉತ್ತರವೂ ಸ್ವಲ್ಪ ಉದ್ದ.

ಪುತ್ತರಿ ಹಬ್ಬದ ಹೊತ್ತಿಗೆ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಪಾಟ್ (ಕೊಡವರ ಕತೆಹಾಡು) ಹಾಡುವುದನ್ನು ಕೇಳಿದವರಿಗೆ ಒಂದೇ ಧಾಟಿ ಗಂಟೆಗಟ್ಟಲೆ ಬಂದರೂ ಬೇಸರವಾಗುವುದಿಲ್ಲ. ಏಕೆಂದರೆ ಧಾಟಿ ನಿಂತಲ್ಲೇ ನಿಂತಿದ್ದರೂ ಪದ ಮುಂದೆ ಹೋಗುತ್ತಿರುತ್ತದೆ, ಕತೆ ನಡೆಯುತ್ತಿರುತ್ತದೆ. ನೀಲ್ ಯಂಗ್ ಗಿಟಾರ್ ಕೂಡ ಇಲ್ಲಿ ನಿಂತ ಧಾಟಿ. ಸಿನಿಮಾದಲ್ಲಿ ಅದರ ಮೇಲೆ ನಡೆಯುವುದು ಚಿತ್ರ. ಆಲ್ಬಮ್ಮಿಗೆ ಬಂದಾಗ ಚಿತ್ರ ಹೋಯಿತು, ಆ ಜಾಗಕ್ಕೆ ಏನಾದರೂ ಬೇಕಿತ್ತು. ಮಾತನ್ನು ತಂದಿಟ್ಟರು.

ಆದ್ದರಿಂದ ಮಾತು ಬೇಕೋ ಬೇಡವೋ ಎಂಬ ವಾದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಸಿನಿಮಾ ನೋಡದವರು ಮಾತನ್ನು ಬಿಟ್ಟು ಕೇಳಿದರೆ ಹತ್ತು ನಿಮಿಷಕ್ಕೆ ಸುಸ್ತು. ಎರಡು ಸಲ ನೋಡಿದವರಿಗೆ ಚಿತ್ರ ತಲೆಯಲ್ಲೇ ಓಡುತ್ತದೆ, ಅವರಿಗೆ ಮಾತು ಅಡ್ಡಿ. ಎರಡು ಪಕ್ಷದವರೂ ತಮ್ಮ ತಮ್ಮ ಜಾಗದಿಂದ ಸರಿಯಾಗೇ ಕೇಳುತ್ತಿದ್ದಾರೆ. ಹೀಗೆಂದರೂ ‘ಸ್ಟುಪಿಡ್ ವೈಟ್ ಮೆನ್’ ಎಂಬ ಹತ್ತನೇ ತುಣುಕಿಗೆ ಎಂಟು ನಿಮಿಷ ಮುಕ್ಕಾಲು ಕೊಟ್ಟಿದ್ದನ್ನು ನಾವು ಸಮರ್ಥಿಸುವುದಿಲ್ಲ. ಅದರ ಅರ್ಧ ಸಾಕಿತ್ತು. ನೋಬಡಿ ತನ್ನ ಬಾಲ್ಯದ ಕತೆ ಹೇಳುವ ಎಂಟನೇ ತುಣುಕು ಮಾತ್ರ ಎಷ್ಟು ಸಲ ಕೇಳಿದರೂ ನಿಲ್ಲುತ್ತದೆ. ನೋಬಡಿ ಪಾತ್ರದ ನಟ ಗ್ಯಾರಿ ಫಾರ್ಮರ್ ಧ್ವನಿಯೇ ಒಂದು ವಾದ್ಯ.

ಮಾತು ಬಿಟ್ಟು ಬರೀ ವಾದ್ಯ ಕೇಳೋದು ಹೇಗೆ?

ಬಹಳ ಸುಲಭ. ಬೆಸ ಸಂಖ್ಯೆಯ ತುಣುಕುಗಳೆಲ್ಲ ವಾದ್ಯ, ಸಮ ಸಂಖ್ಯೆಯವೆಲ್ಲ ಮಾತು. ಸಿಡಿ ಪ್ಲೇಯರಿನ ಪ್ರೋಗ್ರಾಂ ಗುಂಡಿ ಒತ್ತಿ 1, 3, 5, 7, 9, 11, 13 ಕೊಡಿ. ಫೋನಿನಲ್ಲಾದರೆ ಆ ಏಳನ್ನು ಒಂದು ಪ್ಲೇಲಿಸ್ಟ್ ಮಾಡಿ. ಒಟ್ಟು ಸುಮಾರು 36 ನಿಮಿಷ ಬರುತ್ತದೆ, ಹಳೆಯ ಕಾಲದ ಒಂದು ಎಲ್‌ಪಿಯ ಅಳತೆ. ಒಂದು ಎಚ್ಚರಿಕೆ: ಮಾತಿನ ತುಣುಕುಗಳ ಕೆಳಗೂ ಕೆಲವು ಕಡೆ ಗಿಟಾರ್ ಹರಿಯುತ್ತಿರುತ್ತದೆ, ಅದು ಕೈತಪ್ಪುತ್ತದೆ. ಶಫಲ್ ಮಾತ್ರ ಹಾಕಬೇಡಿ. ಐದನೇ ಸೋಲೊದ ಭಾರ ಹಿಂದಿನ ನಾಲ್ಕರ ಮೇಲೆ ಕೂತಿದೆ.

1870ರ ಕಾಲದ ಕತೆಯಲ್ಲಿ ಕಾರಿನ ಸದ್ದು ಎಲ್ಲಿಂದ ಬಂತು? ನಮ್ಮ ಪ್ರತಿಯಲ್ಲೇ ದೋಷ ಇದ್ಯಾ?

ದೋಷವಲ್ಲ. ಸಿನಿಮಾದಲ್ಲಿ ಕಾರಿಲ್ಲ, ಆಲ್ಬಮ್ಮಿಗೆಂದೇ ಸೇರಿಸಿದ ಸದ್ದು ಅದು. ಡೆಪ್ ಓದುವ ಭಾಗವೂ ಹಾಗೆಯೇ, ಸಿನಿಮಾದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಇದನ್ನು ಸಿನಿಮಾದ ಧ್ವನಿಪಥದ ನಕಲು ಎಂದುಕೊಳ್ಳುವುದಕ್ಕಿಂತ ಕಿವಿಗಾಗಿ ಮತ್ತೆ ಕಟ್ಟಿದ ಸಿನಿಮಾ ಎಂದುಕೊಂಡರೆ ಗೊಂದಲ ಕಡಿಮೆ.

ದೊಡ್ಡ ವಿಮರ್ಶಕರೇ ಬಯ್ದಿದ್ದಾರಂತೆ?

ಬಯ್ದವರೂ ಉಂಟು, ತಲೆ ಮೇಲೆ ಹೊತ್ತವರೂ ಉಂಟು. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಈ ಸಿನಿಮಾಕ್ಕೆ ನಾಲ್ಕರಲ್ಲಿ ಒಂದೂವರೆ ನಕ್ಷತ್ರ ಕೊಟ್ಟು, ಕೊನೆಯ ಅರ್ಧ ಗಂಟೆಯ ಸಂಗೀತ ಯಾರೋ ಗಿಟಾರನ್ನು ಮತ್ತೆ ಮತ್ತೆ ಕೆಳಗೆ ಬೀಳಿಸಿದಂತಿದೆ ಎಂದು ಬರೆದರು. 1999ರಲ್ಲಿ ರಾಕ್ ವಿಮರ್ಶಕ ಗ್ರೀಲ್ ಮಾರ್ಕಸ್ ಇದೇ ಸಿನಿಮಾವನ್ನು ಇಪ್ಪತ್ತನೇ ಶತಮಾನದ ಕೊನೆಗಾಲದ ಅತ್ಯುತ್ತಮ ಚಿತ್ರ ಎಂದು ಕರೆದು ಹತ್ತು ಕಾರಣ ಪಟ್ಟಿ ಮಾಡಿದರು. ಎಬರ್ಟ್ ಮಾತು ನಗೆ ತರಿಸುತ್ತದೆ, ಪೂರ್ತಿ ಸುಳ್ಳೂ ಅಲ್ಲ: ತಂತಿಯನ್ನು ಬಡಿದು, ಸದ್ದು ತಾನಾಗಿ ಸಾಯುವವರೆಗೆ ಬಿಡುವುದೇ ಇಲ್ಲಿನ ಕ್ರಮ. ಆ ಸಾಯುವ ಭಾಗವನ್ನು ಕೇಳಿಸಿಕೊಳ್ಳುವವರಿಗೆ ಇದು ಸಂಗೀತ, ಬಡಿತ ಮಾತ್ರ ಕೇಳಿದವರಿಗೆ ಬೀಳುವ ಗಿಟಾರ್.

ಹಳೇ ಅಭಿಮಾನಿಗಳಿಗೇ ಯಾಕೆ ಇಷ್ಟ ಆಗಲ್ಲ? ನಮ್ಮ ಚಿಕ್ಕಪ್ಪಂಗೆ ನೀಲ್ ಯಂಗ್ ಅಂದ್ರೆ ಪ್ರಾಣ, ಇದನ್ನ ಹಾಕಿದ್ರೆ ಎದ್ದು ಹೋಗ್ತಾರೆ.

ಚಿಕ್ಕಪ್ಪ ಯಾವ ಬಾಗಿಲಿನಿಂದ ಒಳಗೆ ಬಂದರು ಕೇಳಿ ನೋಡಿ. 1972ರ ‘ಹಾರ್ವೆಸ್ಟ್’ ಮೂಲಕ ಬಂದವರಿಗೆ ನೀಲ್ ಯಂಗ್ ಎಂದರೆ ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ, ಎಳೆಯ ಧ್ವನಿ. 1990ರ ‘ರ‍್ಯಾಗ್ಡ್ ಗ್ಲೋರಿ’, 1991ರ ‘ವೆಲ್ಡ್’ ಮೂಲಕ ಬಂದವರಿಗೆ ಕ್ರೇಜಿ ಹಾರ್ಸ್ ತಂಡದ ಗದ್ದಲ ಅಭ್ಯಾಸ. ‘ವೆಲ್ಡ್’ ಜೊತೆ ಬಂದ ‘ಆರ್ಕ್’ ಎಂಬುದು ಕಛೇರಿಗಳ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಗಿಟಾರಿಗೇ ಮರಳಿ ಹುಟ್ಟುವ ಮೊರೆತ) ತುಂಡುಗಳನ್ನು ಜೋಡಿಸಿದ ಸುಮಾರು 35 ನಿಮಿಷದ ಒಂದೇ ತುಣುಕು. ಅದನ್ನು ದಾಟಿದವರಿಗೆ ‘ಡೆಡ್ ಮ್ಯಾನ್’ ಮೃದುವಾಗಿಯೇ ಕೇಳುತ್ತದೆ. ಈ ಮನುಷ್ಯ ದಾರಿ ಬದಲಿಸುವುದು ಹೊಸತೂ ಅಲ್ಲ. ನಿಮ್ಮಂತೆ ಕೇಳಿಸದ ಸಂಗೀತ ಮಾಡಿಕೊಟ್ಟಿದ್ದೀರಿ ಎಂದು 1983ರಲ್ಲಿ ಅವರದೇ ಧ್ವನಿಮುದ್ರಣ ಕಂಪನಿ ಗೆಫೆನ್ ರೆಕಾರ್ಡ್ಸ್ ಅವರ ಮೇಲೆ ದಾವೆಯನ್ನೇ ಹೂಡಿತ್ತು.

ಎಲ್ಲಿಂದ ಶುರು ಮಾಡ್ಲಿ? 62 ನಿಮಿಷ ಕೂರೋ ತಾಳ್ಮೆ ಇಲ್ಲ.

ಒಂದನೇ ಸೋಲೊ, ಐದು ನಿಮಿಷ. ಹಿಡಿಸಿದರೆ ನೇರ ಐದನೇ ಗಿಟಾರ್ ಸೋಲೊಗೆ, ಅಂದರೆ 11ನೇ ತುಣುಕಿಗೆ ಹೋಗಿ. ಅದು 14 ನಿಮಿಷಕ್ಕೂ ಹೆಚ್ಚು, ಆಲ್ಬಮ್ಮಿನ ಬೆನ್ನುಮೂಳೆ. ಎರಡೂ ಹಿಡಿಸದಿದ್ದರೆ ಬಿಟ್ಟುಬಿಡಿ, ತಪ್ಪೇನಿಲ್ಲ.

ಇದು ಬೇಡ, ಹಿರಿಯ ರಾಕ್ ಕಲಾವಿದರ ಬೇರೆ ಸಿನಿಮಾ ಸಂಗೀತ ಹೇಳಿ.

ಮಧುರವಾಗಿರಲಿ ಎಂದರೆ ಮಾರ್ಕ್ ನಾಫ್ಲರ್ ಅವರ ‘ಲೋಕಲ್ ಹೀರೊ’, 1983. ಖಾಲಿತನ ಇರಲಿ, ಗದ್ದಲ ಬೇಡ ಎಂದರೆ ರೈ ಕೂಡರ್ ಅವರ ‘ಪ್ಯಾರಿಸ್, ಟೆಕ್ಸಾಸ್’. 1984ರ ಆ ಚಿತ್ರಕ್ಕೂ ‘ಡೆಡ್ ಮ್ಯಾನ್’ಗೂ ಛಾಯಾಗ್ರಾಹಕ ಒಬ್ಬರೇ, ರಾಬಿ ಮ್ಯುಲರ್. ನಮ್ಮ ಕಡೆಯ ಕಿವಿಗೆ ಹತ್ತಿರದ್ದು ಬೇಕೆಂದರೆ ಪೀಟರ್ ಗೇಬ್ರಿಯಲ್ ಅವರ 1989ರ ‘ಪ್ಯಾಶನ್’, ಅದರಲ್ಲಿ ಎಲ್. ಶಂಕರ್ ಪಿಟೀಲು, ನುಸ್ರತ್ ಫತೇ ಅಲಿ ಖಾನ್ ಧ್ವನಿ ಇದೆ. ಜಾರ್ಜ್ ಹ್ಯಾರಿಸನ್ ಅವರ 1968ರ ‘ವಂಡರ್‌ವಾಲ್ ಮ್ಯೂಸಿಕ್’ನ ಒಂದು ಭಾಗ ಬೊಂಬಾಯಿಯಲ್ಲೇ ಧ್ವನಿಮುದ್ರಣವಾದದ್ದು. ಇವುಗಳಲ್ಲಿ ಮನೆಮಂದಿ ಎದ್ದು ಹೋಗದಂಥದ್ದು ನಾಫ್ಲರ್ ಒಂದೇ.

## ಕೇಳುವ ವ್ಯವಸ್ಥೆ, ಕೊಡಗಿನ ಮಳೆ

ಮಳೆಗಾಲದಲ್ಲಿ ಕೇಳೋಕೆ ಸರಿಯಾದ ಆಲ್ಬಮ್ ಅಂತಾರೆ. ನಮ್ಮನೇಲಿ ಅರ್ಧ ಕೇಳಿಸೋದೇ ಇಲ್ಲ!

ಶೀಟಿನ ಮಾಡಾದರೆ ಕೇಳಿಸುವುದಿಲ್ಲ. ಈ ಆಲ್ಬಮ್ಮಿನ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಅಂತರ ಬಹಳ. ಆರ್ಗನ್ ಸೋಲೊ, ಪಿಸುಮಾತು, ತಂತಿಯ ಕೊನೆಯ ಗುಂಯ್‌ಗುಡುವಿಕೆ ಎಲ್ಲ ಮಳೆಯ ಸದ್ದಿನ ಅಡಿಗೆ ಹೋಗುತ್ತವೆ. ವಾಲ್ಯೂಮ್ ಏರಿಸಿದರೆ ಮುಂದಿನ ಹೊಡೆತಕ್ಕೆ ಕಿವಿ ಹರಿಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಅದಿಲ್ಲದಿದ್ದರೆ ಸ್ಪೀಕರನ್ನು ಕೂತ ಜಾಗದಿಂದ ನಾಲ್ಕೈದು ಅಡಿಗೆ ಎಳೆದು, ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ. ಮೂಲೆಗೆ ತಳ್ಳಿದರೆ ಕೆಳಸ್ವರ ಊದಿಕೊಂಡು ಗಿಟಾರ್ ಮಸುಕಾಗುತ್ತದೆ.

ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಹಾಕಿದ್ರೆ ‘ಜ಼್ಜ಼್’ ಅನ್ನುತ್ತೆ. ಅದು ಆಲ್ಬಮ್ಮಿನ ಸದ್ದಾ, ಇನ್ವರ್ಟರಿಂದಾ?

ಎರಡೂ ಇರಬಹುದು. ನೀಲ್ ಯಂಗ್ ಆಂಪ್ಲಿಫೈಯರಿನ ಗುಂಯ್ ಮುದ್ರಣದಲ್ಲೇ ಇದೆ, ತುಣುಕು ಮುಗಿದೊಡನೆ ನಿಲ್ಲುತ್ತದೆ. ನಡುವೆ ತಡೆದು ನಿಲ್ಲಿಸಿದ ಮೇಲೂ ಉಳಿದರೆ ನಿಮ್ಮ ವ್ಯವಸ್ಥೆಯದ್ದು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಈ ತೊಂದರೆ ಸಾಮಾನ್ಯ, ಪ್ಯೂರ್ ಸೈನ್ ವೇವ್ ಆದರೆ ಬಹುಮಟ್ಟಿಗೆ ಇರುವುದಿಲ್ಲ.

ತೋಟದ ಮನೆಗಳಲ್ಲಿ ಜನರೇಟರ್ ಹಾಕಿ ರೆಕಾರ್ಡ್ ಪ್ಲೇಯರ್ ಓಡಿಸುವವರಿಗೆ ಬೇರೆ ಸಮಸ್ಯೆ. ಹಳೆಯ ಎಸಿ ಮೋಟಾರಿನ ವೇಗ ಕರೆಂಟಿನ 50 ಹರ್ಟ್ಸ್ ಹಿಡಿದೇ ನಡೆಯುವುದು. ಜನರೇಟರ್ ಏರಿಳಿದರೆ ಶ್ರುತಿಯೂ ಏರಿಳಿಯುತ್ತದೆ, ಈ ಆಲ್ಬಮ್ಮಿನಲ್ಲಿ ಅದು ಬೇಕೆಂದೇ ಮಾಡಿದ್ದು ಅನ್ನಿಸಿಬಿಡುತ್ತದೆ. ಡಿಸಿ ಮೋಟಾರಿನವಕ್ಕೆ ಈ ಬಾಧೆ ಇಲ್ಲ. ಅಮೆರಿಕದಿಂದ ತಂದ 60 ಹರ್ಟ್ಸ್ ಯಂತ್ರವಾದರೆ ವೋಲ್ಟೇಜ್ ಇಳಿಸಿದರಷ್ಟೇ ಸಾಲದು. ವೇಗ ಆರರಲ್ಲಿ ಐದು ಪಾಲಿಗೆ ಇಳಿದಿರುತ್ತದೆ, ಮೋಟಾರಿನ ಪುಲ್ಲಿ ಬದಲಿಸಬೇಕು.

ಎಲ್‌ಪಿ ಕೊಂಡ್ರೆ ಒಳ್ಳೇದಾ? ನಮ್ಮಲ್ಲಿ ಬೂಷ್ಟು ಹಿಡಿಯುತ್ತಲ್ಲ.

62 ನಿಮಿಷವಾದ್ದರಿಂದ ಎಲ್‌ಪಿ ಎಂದರೆ ಎರಡು ತಟ್ಟೆ, ಮಧ್ಯೆ ಮೂರು ಸಲ ಎದ್ದು ಮಗುಚಬೇಕು. ಒಂದೇ ಓಟದಲ್ಲಿ ಕೇಳುವ ಸಂಗೀತಕ್ಕೆ ಇದು ಅಡ್ಡಿ. ಸಿಡಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಎಲ್‌ಪಿಯೇ ಬೇಕೆಂದರೆ ಬೂಷ್ಟು ಹಿಡಿಯುವುದು ಹೆಚ್ಚಾಗಿ ಕಾಗದಕ್ಕೆ, ಅಲ್ಲಿಂದ ತಟ್ಟೆಗೆ. ಜೂನ್‌ಗೆ ಮೊದಲೇ ಒಳಗಿನ ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ ಒಳಪದರ ಇರುವ ಚೀಲ ಹಾಕಿ. ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬಾಣಲೆಯಲ್ಲಿ ಹದ ಉರಿಯಲ್ಲಿ ಒಣಗಿಸಿ ಮತ್ತೆ ಇಡಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಕಪಾಟಿನೊಳಗೆ ಬಲ್ಬು ಉರಿಸುವ ರೂಢಿ ಬಟ್ಟೆಗೆ ಸರಿ, ಎಲ್‌ಪಿಗೆ ಅಲ್ಲ, ಬಿಸಿಗೆ ತಟ್ಟೆ ಸೊಟ್ಟಗಾಗುತ್ತದೆ.

ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಅದು ಗೆರೆಯೊಳಗೆ ಇಳಿಯುತ್ತದೆ. ಡಿಸ್ಟಿಲ್ಡ್ ನೀರು ಮೂರು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು ಬೆರೆಸಿ, ಮೆದು ಬ್ರಷ್ಷಿನಲ್ಲಿ ಗೆರೆಯ ದಿಕ್ಕಿಗೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ನಿಲ್ಲಿಸಿ ಒಣಗಿಸಿ. ನಡುವಿನ ಲೇಬಲ್ ನೆನೆಯಬಾರದು. ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗೆ ಮಾತ್ರ ಈ ದ್ರಾವಣ ಸೋಕಿಸಬೇಡಿ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

## ಗಿಟಾರ್ ನುಡಿಸುವವರಿಗೆ

ಆ ಸೌಂಡ್ ಬರ್ಬೇಕಾದ್ರೆ ಏನೇನು ಬೇಕು?

ನೀಲ್ ಯಂಗ್ ಅವರ ಮುಖ್ಯ ಎಲೆಕ್ಟ್ರಿಕ್ ಗಿಟಾರ್ ‘ಓಲ್ಡ್ ಬ್ಲ್ಯಾಕ್’, ಕಪ್ಪು ಬಣ್ಣ ಬಳಿದ 1953ರ ಗಿಬ್ಸನ್ ಲೆಸ್ ಪಾಲ್. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು: ಕುತ್ತಿಗೆ ಕಡೆ ಪಿ-90 ಪಿಕಪ್, ಸೇತುವೆ ಕಡೆ ಫೈರ್‌ಬರ್ಡ್ ಪಿಕಪ್, ಸ್ವರ ಬಾಗಿಸಲು ಬಿಗ್ಸ್‌ಬಿ ಕೈ. ಆಂಪ್ 1959ರ ಫೆಂಡರ್ ಡೀಲಕ್ಸ್, ವಾಲ್ವಿನದ್ದು, ಚಿಕ್ಕದು, ಒಂದೇ 12 ಇಂಚಿನ ಸ್ಪೀಕರ್. ಗುಟ್ಟು ಇಲ್ಲೇ ಇದೆ. ಚಿಕ್ಕ ಆಂಪನ್ನು ಅದರ ಮಿತಿಗೆ ತಳ್ಳಿದಾಗ ಮೆಲ್ಲಗೆ ನುಡಿಸಿದರೆ ತಿಳಿ, ಜೋರಾಗಿ ಹೊಡೆದರೆ ಒಡಕು.

ಮಲ್ಟಿ ಎಫೆಕ್ಟ್ಸ್ ಪೆಡಲ್ ಇರುವವರು ‘ಟ್ವೀಡ್ ಡೀಲಕ್ಸ್’ ಮಾದರಿ ಆರಿಸಿ, ಗಿಟಾರಿನ ವಾಲ್ಯೂಮ್ 5ರಲ್ಲಿ ತಿಳಿಯಾಗಿ, 10ರಲ್ಲಿ ಒಡೆಯುವಷ್ಟಕ್ಕೆ ಗೇನ್ ನಿಲ್ಲಿಸಿ. ಸ್ಪ್ರಿಂಗ್ ರಿವರ್ಬ್ ಧಾರಾಳವಾಗಿರಲಿ. ಡಿಸ್ಟಾರ್ಷನ್ ಪೆಡಲ್ ಬೇಡ. ಹೆಚ್ಚಿನವರು ಸೋಲುವುದು ಇಲ್ಲೇ: ಗೇನ್ ತುಂಬಿದರೆ ಮೆಲುಹೊಡೆತಕ್ಕೂ ಜೋರುಹೊಡೆತಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ.

ಫೀಡ್‌ಬ್ಯಾಕ್ ಹಿಡಿಯೋಕೆ ಹೋದ್ರೆ ಬರೀ ಕಿರುಚುತ್ತೆ.

ಸ್ಪೀಕರಿನಿಂದ ಮೂರು ನಾಲ್ಕು ಅಡಿ ದೂರ ನಿಂತು ಗಿಟಾರಿನ ಮುಖ ಅದರತ್ತ ಮಾಡಿ. ಒಂದು ಸ್ವರ ಹಿಡಿದು ಉಳಿದ ತಂತಿಗಳನ್ನು ಅಂಗೈಯಿಂದ ಮುಚ್ಚಿ. ಮೈಯನ್ನು ನಿಧಾನ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಸ್ವರ ತಾನೇ ನಿಲ್ಲುತ್ತದೆ. ತೆಳು ಕಿರುಚಾಟ ಬಂದರೆ ಟೋನ್ ಗುಂಡಿ ಇಳಿಸಿ.

ಗುಂಯ್ ಸದ್ದು ವಿಪರೀತವಾದರೆ ಮನೆಯ ಅರ್ಥಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಹಿಡಿತ ಸಡಿಲವಾಗುತ್ತದೆ, ನೀರು ಹಾಕಿಸಬೇಕು. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ವಾಲ್ವ್ ಆಂಪಿಗೆ ಅದು ಪ್ರಾಣಾಪಾಯ.

ಬಿಗ್ಸ್‌ಬಿ ಒತ್ತಿದ್ರೆ ಶ್ರುತಿ ಹೋಗುತ್ತೆ, ಜುಲೈನಲ್ಲಂತೂ ದಿನಾ.

ಎರಡು ಕಾರಣ ಬೆರೆತಿವೆ. ಬಿಗ್ಸ್‌ಬಿಯದು: ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ (ನಟ್) ಸೀಳಿನಲ್ಲಿ ತಂತಿ ಸಿಕ್ಕಿಕೊಂಡು ವಾಪಸ್ ಬರುವುದಿಲ್ಲ. ಸೀಳಿಗೆ ಪೆನ್ಸಿಲಿನ ಪುಡಿ ತುಂಬಿ, ಹೊಸ ತಂತಿಯನ್ನು ಕೈಯಲ್ಲಿ ಎಳೆದು ಹದ ಮಾಡಿ. ಮಳೆಯದು: ತೇವಕ್ಕೆ ಮರ ಊದಿ ಕುತ್ತಿಗೆ ಅಲುಗುತ್ತದೆ, ತಂತಿ ಮೇಲೇಳುತ್ತದೆ. ಗಿಟಾರಿಗೆ 45ರಿಂದ 55 ಶೇಕಡಾ ತೇವ ಹಿತ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ಹೈಗ್ರೋಮೀಟರ್ ಇಟ್ಟು ಮುಚ್ಚಿಡಿ, ನುಡಿಸಿದೊಡನೆ ತಂತಿ ಒರೆಸಿ. ಮಳೆಗಾಲದಲ್ಲಿ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಸರಳು) ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತು, ಮರುದಿನ ನೋಡಿ ಮುಂದಿನದು. ಆದರೆ ನವೆಂಬರಿನಲ್ಲಿ ಮತ್ತೆ ಹಿಂದಕ್ಕೆ ತಿರುಗಿಸುವುದು ಮರೆಯಬಾರದು.

ನಾವೂ ಸಿನಿಮಾ ಹಾಕ್ಕೊಂಡು ಹಾಗೆ ನುಡಿಸ್ಬಹುದಾ? ಊರಲ್ಲಿ ಕಾರ್ಯಕ್ರಮ ಮಾಡೋ ಆಸೆ.

ಅಭ್ಯಾಸಕ್ಕೆ ಹತ್ತು ನಿಮಿಷದ ತುಂಡು ಸಾಕು. ಮೊದಲು ಸದ್ದಿಲ್ಲದೆ ಒಮ್ಮೆ ನೋಡಿ, ಮೂರ‍್ನಾಲ್ಕು ಸ್ವರದ ಎರಡು ಗುಚ್ಛ ಮಾತ್ರ ಆರಿಸಿಕೊಳ್ಳಿ, ಒಂದು ನಡಿಗೆಗೆ, ಒಂದು ನಿಲುಗಡೆಗೆ. ನಡುವೆ ನಿಲ್ಲಿಸದೆ ಕೊನೆವರೆಗೆ ನುಡಿಸಿ ಮುದ್ರಿಸಿ. ಮತ್ತೆ ಕೇಳುವಾಗ ಕೈ ಸುಮ್ಮನಿದ್ದ ಕಡೆಗಳನ್ನು ಗುರುತು ಮಾಡಿ. ಮಾತಿರುವ ದೃಶ್ಯದಲ್ಲಿ ಹೆಚ್ಚು ನುಡಿಸಿದ್ದೀರಿ ಎಂದು ಮೊದಲ ಸಲವೇ ಗೊತ್ತಾಗುತ್ತದೆ.

ಸಭಾಂಗಣದಲ್ಲಿ ಜನರಿಗೆ ತೋರಿಸುವುದಾದರೆ ‘ಡೆಡ್ ಮ್ಯಾನ್’ ಹಾಕುವಂತಿಲ್ಲ, ಹಕ್ಕುದಾರರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಅವಧಿ ದಾಟಿದ ಹಳೆಯ ಮೂಕಿ ಚಿತ್ರ ಆರಿಸಿಕೊಳ್ಳಿ, ಇಲ್ಲವೇ ನೀವೇ ಚಿತ್ರೀಕರಿಸಿದ್ದನ್ನು ಹಾಕಿ. ಮೂಕಿಯಾದರೆ ಮಾತಿನ ಜಗಳವೂ ಇಲ್ಲ. ಪರದೆ ನುಡಿಸುವವರಿಗೂ ಕಾಣಬೇಕು, ಅದಕ್ಕೆ ಒಂದು ಚಿಕ್ಕ ಮಾನಿಟರನ್ನು ಆಂಪಿನ ಮೇಲಲ್ಲ, ಪಕ್ಕದಲ್ಲಿ ಇಡಿ. ಮೇಲಿಟ್ಟರೆ ಅದರ ಗುಂಯ್ ಪಿ-90ಗೆ ಹಿಡಿಯುತ್ತದೆ.